ಜಾಡಿಯಲ್ಲಿ ಉಳಿದ ನೀರು

ಫೆಬ್ರವರಿ 20, ಗುರುವಾರ. 900 ಮಿ.ಲೀ.

ಡಾಕ್ಟರು ಎರಡು ಕೆಲಸ ಹೇಳಿದ್ದಾರೆ. ದಿನಕ್ಕೆ ಎರಡೂವರೆ ಲೀಟರ್ ನೀರು ಕುಡಿಯುವುದು, ಕುಡಿದದ್ದನ್ನು ಬರೆದಿಡುವುದು. ಎರಡನೆಯದು ಸುಲಭ. ಇಪ್ಪತ್ತೊಂದು ವರ್ಷದಿಂದ ನಾನು ಅಳೆದು ಬರೆಯುವ ಕೆಲಸವನ್ನೇ ಮಾಡಿಕೊಂಡು ಬಂದವಳು.

ಎಡಗಡೆಯ ಕಿಡ್ನಿಯಲ್ಲಿ ಆರು ಮಿಲಿಮೀಟರಿನ ಕಲ್ಲು. ಸೋಮವಾರ ಆಫೀಸಿನಲ್ಲಿ ಮೇಜಿನ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಾಗ ಅದು ಕಲ್ಲಿನ ನೋವು ಎಂದು ಗೊತ್ತಿರಲಿಲ್ಲ. ಅಕ್ಕ ಹೋಗಿ ಹದಿನೈದು ದಿನವಾಗಿತ್ತು. ದುಃಖ ಬೆನ್ನಿನಲ್ಲೂ ಬರುತ್ತದೇನೋ ಎಂದುಕೊಂಡೆ.

"ದಿನಕ್ಕೆ ಎಷ್ಟು ನೀರು ಕುಡೀತೀರಿ?" ಎಂದು ಡಾಕ್ಟರು ಕೇಳಿದರು. ನನಗಿಂತ ಚಿಕ್ಕವರು, ಮಾತು ಕತ್ತರಿಸಿದ ಹಾಗೆ.

"ಎಂಟುನೂರು. ಹೆಚ್ಚೆಂದರೆ ಒಂಬೈನೂರು."

"ಲೋಟದ ಲೆಕ್ಕದಲ್ಲಿ ಹೇಳಿ."

"ಲೋಟದ ಲೆಕ್ಕ ಗೊತ್ತಿಲ್ಲ."

ಅವರು ಕಂಪ್ಯೂಟರಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ಮನೇಲಿ ನೀರಿಗೇನು ಬರವಾ?"

"ನಮ್ಮಕ್ಕ ಡಯಾಲಿಸಿಸ್‌ನಲ್ಲಿದ್ರು. ಆರು ವರ್ಷ. ಅವರಿಗೆ ಮುಕ್ಕಾಲು ಲೀಟರಿಗಿಂತ ಹೆಚ್ಚು ಕುಡಿಯೋ ಹಾಗಿರಲಿಲ್ಲ. ಈ ತಿಂಗಳು ಎರಡನೇ ತಾರೀಕು ಹೋದ್ರು."

ಅವರು ಹೇಳಿದರು: "ಅದು ಅವರ ಅಳತೆ. ನಿಮ್ಮದಲ್ಲ. ಆರು ವಾರ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಕಲ್ಲು ಕೆಳಗಿಳೀಬೇಕು. ಇಲ್ಲಾಂದ್ರೆ ನಾನೇ ಒಳಗೆ ಹೋಗಿ ತೆಗೀಬೇಕು. ಅದಕ್ಕೂ ತಡ ಮಾಡಿದ್ರಿ ಅಂದ್ರೆ ಆ ಕಿಡ್ನಿ ಕೆಲಸ ನಿಲ್ಲಿಸುತ್ತೆ. ಬಲಗಡೆಯದು ಹುಟ್ಟಿನಿಂದಲೇ ಸಣ್ಣದು, ಅದೊಂದೇ ಸಾಲಲ್ಲ. ಆಮೇಲೆ ಅವರ ಅಳತೆನೇ ನಿಮ್ಮ ಅಳತೆ ಆಗುತ್ತೆ."

ದಿನಾ ಅರ್ಧ ಗಂಟೆ ನಡೆಯಬೇಕಂತೆ. ಹೊತ್ತಿಗೆ ಸರಿಯಾಗಿ ಮಲಗಬೇಕಂತೆ. ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಬೇಕಂತೆ. ಈ ಮೂರನೆಯದನ್ನು ಔಷಧಿಯ ಚೀಟಿಯ ಮೇಲೆ ಅಡಿಗೆರೆ ಹಾಕಿ ಬರೆದುಕೊಟ್ಟಿದ್ದಾರೆ.

ಹೊಸ ಪುಸ್ತಕ ಕೊಳ್ಳಲಿಲ್ಲ. ಅಕ್ಕನ ಕೊನೆಯ ನೀರಿನ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇವೆ. ಅವಳ ಕೊನೆಯ ಸಾಲು: ಫೆಬ್ರವರಿ ೧, ಸಂಜೆ ೭, ೩೦ ಮಿ.ಲೀ. ನಾನು ಜಾಡಿಯ ಗೆರೆ ನೋಡಿ ಇಂಗ್ಲಿಷಿನಲ್ಲಿ ಕೂಗುತ್ತಿದ್ದೆ, ಅವಳು ಕನ್ನಡ ಅಂಕಿಯಲ್ಲಿ ಬರೆದುಕೊಳ್ಳುತ್ತಿದ್ದಳು. "ಅಪ್ಪ ದುಡ್ಡು ಕೊಟ್ಟು ಓದಿಸಿದವಳು ಕೂಗ್ತಾಳೆ, ಪುಕ್ಕಟೆ ಶಾಲೆಯವಳು ಬರೀತಾಳೆ" ಎನ್ನುತ್ತಿದ್ದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನನಗೆ ಅ ಆ ತಿದ್ದಿಸಿದವಳೂ ಅವಳೇ. ಅವಳ ಸಾಲುಗಳ ಕೆಳಗೆ ನನ್ನ ಅಕ್ಷರ ಇನ್ನೂ ತಿದ್ದಿಸಿಕೊಳ್ಳುತ್ತಿರುವ ಮಗುವಿನದರ ಹಾಗೆ ಕಾಣುತ್ತಿದೆ.

ಜಾಡಿ: 21.

ಫೆಬ್ರವರಿ 21, ಶುಕ್ರವಾರ. 950 ಮಿ.ಲೀ.

ಜಾಡಿ ಎಂದು ನಿನ್ನೆ ಏಕೆ ಬರೆದೆ? ಡಾಕ್ಟರು ಕೇಳಿದ್ದು ನಾನು ಕುಡಿದ ನೀರನ್ನು ಮಾತ್ರ.

ನನ್ನ ಕೆಲಸ ಅಳತೆಯ ಪರೀಕ್ಷಾಲಯದಲ್ಲಿ. ಔಷಧಿ ಕಂಪನಿಗಳು, ಕಾಲೇಜುಗಳು, ಪೆಟ್ರೋಲ್ ಪಂಪುಗಳು ತಮ್ಮ ಅಳತೆಯ ಪಾತ್ರೆಗಳನ್ನು ನಮ್ಮಲ್ಲಿಗೆ ಕಳಿಸುತ್ತವೆ. ಪಾತ್ರೆಗೆ ಗೆರೆಯವರೆಗೆ ನೀರು ತುಂಬಿ, ತೂಗಿ, ಅದು ಹೇಳುವ ಅಳತೆ ನಿಜವೋ ಸುಳ್ಳೋ ಎಂದು ಬರೆದುಕೊಡುತ್ತೇವೆ. ಗಾಜಿನಲ್ಲಿ ನೀರಿನ ಮೇಲ್ಮೈ ನಡುವೆ ತಗ್ಗಿ ನಿಲ್ಲುತ್ತದೆ. ಕಣ್ಣನ್ನು ಆ ತಗ್ಗಿನ ಮಟ್ಟಕ್ಕೇ ಇಳಿಸಿ ಓದಬೇಕು. ಮೇಲಿನಿಂದ ನೋಡಿದರೆ ಹೆಚ್ಚು ಕಾಣುತ್ತದೆ, ಕೆಳಗಿನಿಂದ ನೋಡಿದರೆ ಕಡಿಮೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ಕಲಿಸುವುದು ಮೊಣಕಾಲು ಬಗ್ಗಿಸುವುದನ್ನು.

ಅಕ್ಕನಿಗೆ ಡಯಾಲಿಸಿಸ್ ಶುರುವಾದಾಗ ಒಂದು ಲೀಟರಿನ ಗಾಜಿನ ಜಾಡಿ ಮನೆಗೆ ತಂದೆ. ಅಂಚು ಒಡೆದದ್ದಕ್ಕೆ ಆಫೀಸಿನಲ್ಲಿ ತೆಗೆದುಹಾಕಿದ್ದು, ಆದರೆ ಗೆರೆಗಳು ಸರಿಯಾಗಿದ್ದವು. ಬೆಳಿಗ್ಗೆ ಏಳಕ್ಕೆ 750ರವರೆಗೆ ತುಂಬಿಡುತ್ತಿದ್ದೆ. ಮರುದಿನ ಬೆಳಿಗ್ಗೆಯವರೆಗೆ ಅವಳ ಪಾಲು ಅಷ್ಟೇ. ಮಾತ್ರೆಗೆ, ಟೀಗೆ, ಬಾಯಿ ಒದ್ದೆ ಮಾಡಿಕೊಳ್ಳಲಿಕ್ಕೆ, ಎಲ್ಲವೂ ಅದರಿಂದಲೇ. ಬೇರೆಯವರ ಮನೆಯಲ್ಲಿ ಲೋಟದ ಅಂದಾಜಿನಲ್ಲಿ ಕೊಡುತ್ತಾರಂತೆ. ನಾನು ಮೊಣಕಾಲು ಬಗ್ಗಿಸಿ ಕೊಟ್ಟೆ.

ಮೊದಲ ವಾರವೇ, "ನಾನೂ ಇಷ್ಟೇ ಕುಡೀತೀನಿ ಅಕ್ಕ, ಇಬ್ಬರೂ ಒಟ್ಟಿಗೆ" ಎಂದು ಮಾತು ಕೊಟ್ಟುಬಿಟ್ಟೆ. ಬೇಡ ಅಂದಳು. ನಾನು ಕೇಳಲಿಲ್ಲ. ನಾನು ಎರಡು ವರ್ಷಕ್ಕೆ ಮದುವೆ ಮುರಿದುಕೊಂಡು ಬಂದಾಗ, ಯಾಕೆ ಏನು ಎಂದು ಒಂದು ಮಾತು ಕೇಳದೆ ತನ್ನ ಕಪಾಟಿನ ಅರ್ಧ ಖಾಲಿ ಮಾಡಿಕೊಟ್ಟವಳು ಅವಳು. ನೀರಿನಲ್ಲಿ ಅರ್ಧ ನಾನು ಬಿಟ್ಟುಕೊಡಲಾರೆನೇ?

ಮಾತು ಉಳಿಸಿಕೊಂಡೆನೇ? ಇಲ್ಲ. ಹದಿನೈದನೇ ದಿನಕ್ಕೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಹಲ್ಲುಜ್ಜುವ ಮಗ್ಗಿನಲ್ಲಿ ಕದ್ದು ಕುಡಿಯಲು ಶುರು ಮಾಡಿದೆ. ಆರು ವರ್ಷ ಅಲ್ಲೇ ಕುಡಿದೆ. ಹಗಲು ಆಫೀಸಿನಲ್ಲಿ ಮನಸಾರೆ ಕುಡಿಯಬಹುದಿತ್ತು. ಆದರೆ ಹಗಲೆಲ್ಲ ಕುಡಿದ ಬಾಯಿ ಹೊತ್ತು ಸಂಜೆ ಅವಳ ಎದುರು ಕೂರಲು ನನ್ನಿಂದ ಆಗಲಿಲ್ಲ.

ಇವತ್ತಿನ 950 ಕೂಡ ಬಚ್ಚಲಲ್ಲೇ. ಮನೆಯಲ್ಲಿ ಯಾರೂ ಇಲ್ಲ. ಆದರೂ ನಲ್ಲಿ ಬಿಟ್ಟೆ.

ಫೆಬ್ರವರಿ 23, ಭಾನುವಾರ. 900 ಮಿ.ಲೀ.

ಚಿಕ್ಕಮ್ಮನ ಫೋನು. ಕಲ್ಲಿನ ಸುದ್ದಿ ಹೇಗೋ ತಲುಪಿದೆ.

"ಅಲ್ವೇ, ಅವಳಿಗೆ ಕುಡೀಬೇಡ ಅಂದ್ರೆ ಕುಡೀಬೇಕು ಅಂತ ಆಸೆ. ನಿನಗೆ ಕುಡಿ ಅಂದ್ರೆ ಆಗಲ್ಲ. ಇಬ್ಬರನ್ನೂ ಸೇರಿಸಿ ಒಂದು ಮಾಡಿದ್ರೆ ಸರಿಯಾದ ಒಂದು ಹೆಣ್ಣಾಗ್ತಿತ್ತು ನೋಡು."

ನಗು ಬಂತು. ಅಕ್ಕನಿಗೆ ಹೇಳಬೇಕು ಎಂದು ತಿರುಗಿದೆ. ಕುರ್ಚಿಯ ಮೇಲೆ ಅವಳ ಶಾಲು ಮಾತ್ರ.

"ಎದ್ದ ಕೂಡಲೇ ಎರಡು ಲೋಟ ಕುಡಿ. ಬಿಸಿನೀರು. ನಿಂತ್ಕೊಂಡು ಕುಡೀಬೇಡ, ಕೂತ್ಕೊಂಡು ಕುಡಿ. ನಾನು ಮೂವತ್ತು ವರ್ಷದಿಂದ ಹೀಗೇ, ನನಗೆ ಒಂದು ಕಲ್ಲಿಲ್ಲ ಮಣ್ಣಿಲ್ಲ."

"ಆಯ್ತು ಚಿಕ್ಕಮ್ಮ."

"ಆಯ್ತು ಅಂತ ಎಲ್ಲರೂ ಅಂತಾರೆ. ಮನೆ ಯಾಕಿಷ್ಟು ಸದ್ದಿಲ್ದೆ ಇದೆ? ಅವಳ ರೇಡಿಯೋ ಏನಾಯ್ತು? ಅವಳ ಜೊತೆ ಮಾತಾಡೋದು ಅಂದ್ರೆ ಸಂತೆಯಲ್ಲಿ ನಿಂತ ಹಾಗಿರ್ತಿತ್ತು."

ರೇಡಿಯೋ ಇದ್ದಲ್ಲೇ ಇದೆ, ಕಿಟಕಿಯ ಕಟ್ಟೆಯ ಮೇಲೆ. ಅಕ್ಕ ಅದನ್ನು ಹಾಕಿದರೆ ಗೋಡೆ ಅದುರುತ್ತಿತ್ತು. ಬೆಳಿಗ್ಗೆ ಆರೂವರೆಗೆ, ಸಂಜೆ ಏಳಕ್ಕೆ, ನಡುವೆ ಮನಸ್ಸು ಬಂದಾಗ. ಐದು ನಿಮಿಷ ಅಬ್ಬರ, ಆಮೇಲೆ ಮೌನ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದು ಬಾಗಿಲು ತಟ್ಟಿ ಹೋಗುತ್ತಿದ್ದರು. ನನಗೂ ತಲೆ ಚಿಟ್ಟು ಹಿಡಿಯುತ್ತಿತ್ತು. ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಕಳೆದ ಅಕ್ಟೋಬರಿನಲ್ಲಿ ಸದ್ದಿನ ಗುಂಡಿಯ ಪಕ್ಕ ಒಂದು ಚೂರು ಬಿಳಿ ಟೇಪು ಅಂಟಿಸಿ, "ಇದರ ಮೇಲೆ ಹೋಗಬಾರದು" ಎಂದೆ. ಅದಕ್ಕೂ ಒಂದು ಗೆರೆ.

"ನೀನು ಸತ್ತವರ ಮೈಗೂ ಗೆರೆ ಹಾಕೋಳೇ" ಅಂದಳು. ಆದರೆ ಗುಂಡಿಯನ್ನು ಆ ಗೆರೆ ದಾಟಿಸಲಿಲ್ಲ. ಅದರ ಬದಲು ಹಾಡಲು ಶುರು ಮಾಡಿದಳು. ಅಕ್ಕನಿಗೆ ರಾಗವೂ ಇರಲಿಲ್ಲ, ಉಸಿರೂ ಇರಲಿಲ್ಲ. ಎರಡು ಸಾಲು ಕೂಗಿ ಏದುಸಿರು ಬಿಡುತ್ತಿದ್ದಳು.

ಜಾಡಿ: 19 ಇರಬಹುದು. ಅದರ ಗೆರೆಗಳು ಹತ್ತು ಹತ್ತಕ್ಕೆ ಇವೆ, ನಡುವಿನದು ಅಂದಾಜು.

ಫೆಬ್ರವರಿ 26, ಬುಧವಾರ. 1200 ಮಿ.ಲೀ.

ಆಫೀಸಿನಲ್ಲಿ ತೂಕದ ವಿಭಾಗದವನನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುವುದು. ನಡೆಯುವಾಗ ಎಡಕ್ಕೂ ಬಲಕ್ಕೂ ತೂಗುತ್ತಾನೆ. ಇವತ್ತು ಒಂದು ಪ್ಲಾಸ್ಟಿಕ್ ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟ. ಅದರ ಮೇಲೆ ಹತ್ತು ಗಂಟೆಗೆ ಇಲ್ಲಿವರೆಗೆ, ಹನ್ನೆರಡಕ್ಕೆ ಇಲ್ಲಿವರೆಗೆ ಎಂದು ಗೆರೆಗಳು.

"ಒಂದು ಲೀಟರ್, ಮೇಡಂ. ಎರಡು ಸಲ ಖಾಲಿ ಮಾಡಿದ್ರೆ ನಿಮ್ಮ ಕಲ್ಲು ಗಂಟುಮೂಟೆ ಕಟ್ಟುತ್ತೆ."

ಅವನು ಹೋದ ಮೇಲೆ ಬಾಟಲಿಯನ್ನು ತೂಗಿ ನೋಡಿದೆ. ಒಂದು ಲೀಟರ್ ಅಲ್ಲ, ಒಂಬೈನೂರ ನಲವತ್ತು. ಹೇಳಿದೆ.

"ಅಯ್ಯೋ, ಕುಡೀರಿ ಅಂತ ಕೊಟ್ರೆ ಪರೀಕ್ಷೆ ಮಾಡಿದ್ರಾ?" ಎಂದ. "ಸರ್ಟಿಫಿಕೇಟ್ ಯಾವಾಗ ಸಿಗುತ್ತೆ?"

ಎಲ್ಲರೂ ನಕ್ಕರು. ನಾನು ಮೂರು ಗಂಟೆಯ ಗೆರೆಯವರೆಗೆ ಕುಡಿದೆ. ಕುಡಿಯುವಾಗ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಯಾರೂ ಏನೂ ಕೇಳಲಿಲ್ಲ.

ಮಾರ್ಚ್ 1, ಶನಿವಾರ. 700 ಮಿ.ಲೀ.

ಇವತ್ತು ಬರೆಯುವುದಿಲ್ಲ.

ಮಾರ್ಚ್ 2, ಭಾನುವಾರ. 650 ಮಿ.ಲೀ.

ತಿಂಗಳಾಯಿತು. ಬರೆದುಬಿಡುತ್ತೇನೆ.

ಆ ಶನಿವಾರ ಸಂಜೆ ಏಳಕ್ಕೆ ಜಾಡಿಯಲ್ಲಿ 60 ಉಳಿದಿತ್ತು. ಅಕ್ಕ ಕುರ್ಚಿಯಲ್ಲಿ ಕೂತು ಶಾಲಿನ ಅಂಚು ತಿರುವುತ್ತಿದ್ದಳು. ಹಿಂದಿನ ದಿನವಷ್ಟೇ ಡಯಾಲಿಸಿಸ್ ಆಗಿತ್ತು. ಮುಖ ತಿಳಿಯಾಗಿತ್ತು. ಪಾದ ಊದಿರಲಿಲ್ಲ, ನಾನು ಒತ್ತಿ ನೋಡಿದ್ದೆ.

"ಇವತ್ತೊಂದು ದಿನ ದೊಡ್ಡ ಲೋಟದಲ್ಲಿ ತುಂಬ ಕೊಡೇ" ಎಂದಳು.

ದೊಡ್ಡ ಲೋಟ ಎಂದರೆ ಅಮ್ಮನ ಕಾಲದ ಸ್ಟೀಲ್ ಲೋಟ. ಅವಳ ಕಣ್ಣಿಗೆ ಬೀಳದಿರಲಿ ಎಂದು ಆರು ವರ್ಷದ ಹಿಂದೆ ಮೇಲಿನ ಅಟ್ಟಣಿಗೆಯಲ್ಲಿ ಬೋರಲು ಹಾಕಿಟ್ಟಿದ್ದೆ.

"ಅರವತ್ತಿದೆ ಅಕ್ಕ. ಈಗ ಮೂವತ್ತು, ಬೆಳಿಗ್ಗೆ ಮಾತ್ರೆಗೆ ಮೂವತ್ತು."

"ಗೊತ್ತು. ಆದ್ರೂ ಕೇಳ್ದೆ."

"ಸೋಮವಾರ ಮಷಿನ್ ಮೇಲೆ ಹೋಗೋ ದಿನ ಕೇಳು, ಸ್ವಲ್ಪ ಹೆಚ್ಚು ಕೊಡ್ತೀನಿ."

"ಸರಿ, ಮೂವತ್ತೇ ಕೊಡು. ನಿಮ್ಮಾಫೀಸಿನ ಮೊಹರು ಒತ್ತಿ ಕೊಡು" ಎಂದು ನಕ್ಕಳು.

ಮೊಣಕಾಲು ಬಗ್ಗಿಸಿ, ಗೆರೆ ನೋಡಿ, ಮೂವತ್ತು ಕೊಟ್ಟೆ. ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡು ನುಂಗಿದಳು. ಬೆಳಿಗ್ಗೆ ಮಾತ್ರೆ ಕೊಡಲು ಎಬ್ಬಿಸಿದಾಗ ಏಳಲಿಲ್ಲ.

ಅವಳ ಪಾಲಿನ ಮೂವತ್ತು ಜಾಡಿಯಲ್ಲಿ ಉಳಿಯಿತು. ಚೆಲ್ಲಲು ಆಗಲಿಲ್ಲ. ಗಿಡಕ್ಕೆ ಹಾಕಲೂ ಆಗಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಅದು ತಾನಾಗಿಯೇ ಆರುತ್ತಿದೆ. ಇವತ್ತು 16.

ನಾನು ಕೊಡದೇ ಇದ್ದದ್ದು ಅವಳ ಒಳ್ಳೆಯದಕ್ಕೋ, ಅಥವಾ ಪುಸ್ತಕದಲ್ಲಿ 750 ಎಂಬ ಅಂಕಿ ಕೆಡಬಾರದು ಎಂದೋ? ಈ ಪ್ರಶ್ನೆಯ ಮಟ್ಟಕ್ಕೆ ಕಣ್ಣು ಇಳಿಸಲು ನನ್ನಿಂದ ಆಗುತ್ತಿಲ್ಲ.

ಮಾರ್ಚ್ 7, ಶುಕ್ರವಾರ. 1300 ಮಿ.ಲೀ.

ಆಫೀಸಿನ ಬಾಟಲಿ ಒಂದು ಪೂರ್ತಿ. ಉಳಿದದ್ದು ಬಚ್ಚಲಲ್ಲಿ. ಅರ್ಧ ಗಂಟೆ ನಡೆದೆ. ಬೇಕರಿಯವರೆಗೆ ಹೋಗಿ ಬರುವುದು ಮೂರು ಸಾವಿರದ ಇನ್ನೂರು ಹೆಜ್ಜೆ. ಬೇಕರಿಯವಳು, "ಅಕ್ಕನಿಗೆ ಉಪ್ಪಿಲ್ಲದ ಬ್ರೆಡ್ ತೆಗೆದಿಡ್ಲಾ?" ಎಂದು ಕೇಳಿದಳು. ಅವಳಿಗೆ ಗೊತ್ತಿಲ್ಲ. ಹೂಂ ಎಂದು ಕೊಂಡುತಂದೆ. ಅದೇ ತಿಂದೆ.

ಮಾರ್ಚ್ 15, ಶನಿವಾರ. 1500 ಮಿ.ಲೀ.

ಡಯಾಲಿಸಿಸ್ ಕೇಂದ್ರದಿಂದ ಮತ್ತೆ ಫೋನು. ಅಕ್ಕನ ಚೀಲ ಅಲ್ಲೇ ಉಳಿದಿದೆ, ಬಂದು ತೆಗೆದುಕೊಂಡು ಹೋಗಿ ಎಂದು ದೊಡ್ಡ ನರ್ಸ್ ಹೇಳಿದರು. ಮುಂದಿನ ವಾರ ಎಂದೆ. ಹೋದ ವಾರವೂ ಹಾಗೇ ಎಂದಿದ್ದೆ.

ಬೆಳಿಗ್ಗೆ ಬಚ್ಚಲಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಅಡುಗೆಮನೆಯಲ್ಲಿ ಕುಡಿದೆ, ಅಕ್ಕನ ಕುರ್ಚಿಗೆ ಬೆನ್ನು ಮಾಡಿ. ಗುಟುಕಿನ ಸದ್ದು ಎಷ್ಟು ದೊಡ್ಡದು. ಕಳ್ಳತನ ಮಾಡಿದ ಹಾಗೆ ಕಿವಿ ಬಿಸಿಯಾಯಿತು.

ಜಾಡಿ: 9.

ಮಾರ್ಚ್ 17, ಸೋಮವಾರ. ಅಳೆದಿಲ್ಲ.

ನೋವು. ಬೆಳಗಿನ ನಾಲ್ಕರಿಂದ ಹತ್ತರವರೆಗೆ. ಡಾಕ್ಟರಿಗೆ ಫೋನ್ ಮಾಡಿದರೆ, "ಒಂದೂವರೆ ಸಾಲದು ಅಂತ ಹೇಳಿದ್ನಲ್ಲ. ಇನ್ನು ಎರಡು ವಾರ ಇದೆ. ನೀವು ಕುಡೀತೀರೋ, ನಾನು ದಿನ ಗೊತ್ತು ಮಾಡ್ಲೋ?" ಎಂದರು.

ಹೊಟ್ಟೆ ಹಿಡಿದುಕೊಂಡು ಬಚ್ಚಲಿನ ನೆಲದ ಮೇಲೆ ಕೂತಿದ್ದಾಗ ಒಂದು ಯೋಚನೆ ಬಂತು. ಈ ಕಿಡ್ನಿ ನಿಂತರೆ ನಾನೂ ಆ ಕುರ್ಚಿಯಲ್ಲಿ ಕೂರುತ್ತೇನೆ, ನನಗೂ ಯಾರಾದರೂ ಗೆರೆ ನೋಡಿ ಕೊಡುತ್ತಾರೆ, ಸರಿಹೋಗುತ್ತದೆ. ಯಾವ ಲೆಕ್ಕದಲ್ಲಿ ಸರಿಹೋಗುತ್ತದೆ? ಬರೆದ ಮೇಲೆ ಭಯವಾಯಿತು.

ಮಾರ್ಚ್ 22, ಶನಿವಾರ.

ಚೀಲ ತರಲು ಹೋಗಿದ್ದೆ. ಶನಿವಾರವನ್ನೇ ಆರಿಸಿಕೊಂಡೆ. ಅಕ್ಕನದು ಸೋಮ, ಬುಧ, ಶುಕ್ರದ ಸರದಿ. ಅವಳ ಜೊತೆಯವರು ಯಾರೂ ಸಿಗುವುದಿಲ್ಲ.

ಅದೇ ಹಾಲ್. ಎರಡು ಸಾಲು ಹಸಿರು ಕುರ್ಚಿ, ಪಕ್ಕದಲ್ಲಿ ತಿರುಗುವ ಮಷಿನುಗಳು. ಕಿಟಕಿಯ ಪಕ್ಕದ ಅವಳ ಕುರ್ಚಿಯಲ್ಲಿ ಒಬ್ಬ ಚಿಕ್ಕ ಹುಡುಗಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತಿದ್ದಳು. ದೊಡ್ಡ ನರ್ಸ್ ನನ್ನನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಚೀಲದಲ್ಲಿ ಕಾಲುಚೀಲ, ಬಾಚಣಿಗೆ, ಕನ್ನಡಕದ ಪೆಟ್ಟಿಗೆ, ಅರ್ಧ ಬಿಡಿಸಿದ ಪದಬಂಧ.

"ಮೊದ್ಲು ನೀರು ಕುಡೀರಿ. ಬಿಸಿಲಲ್ಲಿ ಬಂದಿದೀರಿ."

ಲೋಟ ತೆಗೆದುಕೊಂಡೆ. ಆಮೇಲೆ ಏನು ಮಾಡಿದೆ ಎಂದು ನನಗೆ ಗೊತ್ತಾದದ್ದು ಮಾಡಿದ ಮೇಲೆ. ಮೂಲೆಯ ಕೈತೊಳೆಯುವ ಬೇಸಿನ್ನಿನ ಹತ್ತಿರ ಹೋಗಿ, ಅವರಿಗೆ ಬೆನ್ನು ಮಾಡಿ, ನಲ್ಲಿ ಬಿಟ್ಟು, ಕುಡಿದೆ. ತಿರುಗಿದಾಗ ಅವರು ನನ್ನನ್ನೇ ನೋಡುತ್ತಿದ್ದರು.

"ರೇಡಿಯೋ ಹಾಕ್ಲಾ?" ಎಂದರು ಮೆಲ್ಲಗೆ.

"ಏನು?"

"ನಿಮ್ಮಕ್ಕ ಹೇಳ್ತಿದ್ರು. ನಾನು ತಮಾಷೆ ಅಂದ್ಕೊಂಡಿದ್ದೆ." ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "'ನನ್ನ ತಂಗಿ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ನೀರು ಕುಡೀತಾಳೆ ಸಿಸ್ಟರ್. ನನಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ. ಗೊತ್ತು ಅಂದ್ರೆ ಅದನ್ನೂ ಬಿಟ್ಟುಬಿಡ್ತಾಳೆ, ಅಂಥ ಹಟದವಳು. ಅದಕ್ಕೇ ಅವಳು ಒಳಗೆ ಹೋದ ಕೂಡ್ಲೇ ನಾನು ರೇಡಿಯೋ ಜೋರು ಮಾಡ್ತೀನಿ. ಪಾಪ, ಹೆದರದೆ ಕುಡೀಲಿ' ಅಂತಿದ್ರು."

ಕೈಯಲ್ಲಿದ್ದ ಖಾಲಿ ಲೋಟವನ್ನು ಮೇಜಿನ ಮೇಲಿಟ್ಟೆ.

"ಆಮೇಲೊಂದು ದಿನ ಬಂದು, 'ರೇಡಿಯೋಗೂ ಗೆರೆ ಹಾಕಿಬಿಟ್ಲು ಸಿಸ್ಟರ್, ಇನ್ನು ನಾನೇ ಹಾಡ್ಬೇಕು' ಅಂದ್ರು. ನಾವೆಲ್ಲ ಎಷ್ಟು ನಕ್ಕಿದ್ವಿ."

ಆ ಹಾಡು. ಎರಡು ಸಾಲು, ಆಮೇಲೆ ಏದುಸಿರು. ಅವಳಿಗೆ ಉಸಿರಿರಲಿಲ್ಲ. ಇದ್ದಷ್ಟನ್ನು ನನ್ನ ಗುಟುಕಿನ ಮೇಲೆ ಹೊದಿಸಿದಳು. ನಾನು ಬಚ್ಚಲಿನಿಂದ ಹೊರಗೆ ಬಂದು, "ಅಕ್ಕ, ಸಾಕು ನಿಲ್ಲಿಸು, ಯಾರಾದ್ರೂ ಕೇಳಿಸಿಕೊಂಡ್ರೆ ಏನಂದ್ಕೋತಾರೆ" ಎನ್ನುತ್ತಿದ್ದೆ. ಬಾಯಿ ಒರೆಸಿಕೊಂಡು ಎನ್ನುತ್ತಿದ್ದೆ.

ಯಾರ ಹತ್ತಿರವಾದರೂ ಮಾತಾಡಿ ಎಂದು ಡಾಕ್ಟರು ಬರೆದುಕೊಟ್ಟಿದ್ದು ನೆನಪಾಗಿ ಅಲ್ಲ, ಸುಮ್ಮನೆ ಬಾಯಿಂದ ಬಂದುಬಿಟ್ಟಿತು. "ಕೊನೇ ದಿನ ಒಂದು ಲೋಟ ತುಂಬ ಕೇಳಿದ್ಲು. ನಾನು ಕೊಡಲಿಲ್ಲ."

ದೊಡ್ಡ ನರ್ಸ್ ನನ್ನ ಕೈ ಹಿಡಿದುಕೊಂಡರು. "ಕೊಟ್ಟಿದ್ರೂ ಅಷ್ಟೇ ಆಗ್ತಿತ್ತು. ಅವರ ಹೃದಯ ಆರು ತಿಂಗಳಿಂದ ಸೋತಿತ್ತು. ಒಂದು ಲೋಟದಿಂದ ಏನೂ ಆಗ್ತಿರಲಿಲ್ಲ."

ಸಮಾಧಾನಕ್ಕೆ ಹೇಳಿದರು. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಬರುವಾಗ ಆ ಮಾತನ್ನೇ ತಿರುವಿ ಹಾಕುತ್ತಿದ್ದೆ. ಒಂದು ಲೋಟದಿಂದ ಏನೂ ಆಗುತ್ತಿರಲಿಲ್ಲ. ಹಾಗಾದರೆ ಕೊಡಬಹುದಿತ್ತು.

ಮಾರ್ಚ್ 23, ಭಾನುವಾರ.

ಬೆಳಿಗ್ಗೆ ಈ ಪುಸ್ತಕದ ಮೊದಲ ಹಾಳೆಯಿಂದ ನೋಡಿದೆ.

ಅವಳ ಅಂಕಿಗಳ ಪಕ್ಕದಲ್ಲಿ, ಅಂಚಿನಲ್ಲಿ, ಪೆನ್ಸಿಲ್ಲಿನ ಸಣ್ಣ ಚುಕ್ಕೆಗಳಿವೆ. ಪ್ರತಿದಿನವೂ ಇವೆ. ಎಷ್ಟೋ ಸಲ ಕಣ್ಣಿಗೆ ಬಿದ್ದಿದ್ದವು. ಮಾತ್ರೆಯ ಲೆಕ್ಕ ಎಂದುಕೊಂಡಿದ್ದೆ. ಮಾತ್ರೆ ದಿನಕ್ಕೆ ಏಳು. ಚುಕ್ಕೆಗಳು ಏಳಿಲ್ಲ. ಭಾನುವಾರಗಳಲ್ಲಿ ಐದು, ಆಫೀಸಿನ ದಿನಗಳಲ್ಲಿ ಮೂರು. ಚುಕ್ಕೆಯ ಪಕ್ಕ ವೇಳೆ: ೬.೩೦. ೭.

ನಾನು ಒಳಗೆ ಹೋದ ವೇಳೆ.

ಅಕ್ಟೋಬರಿನ ಹಾಳೆ ಬಂತು. ಟೇಪು ಅಂಟಿಸಿದ ದಿನ. ಅಲ್ಲಿಂದ ಚುಕ್ಕೆ ಎರಡಾಗಿದೆ. ನವೆಂಬರಿನಲ್ಲಿ ಒಂದು. ನನಗೆ ಆಗ ತಿಳಿದಿರಲಿಲ್ಲ. ಸದ್ದಿಲ್ಲದ ಮನೆಯಲ್ಲಿ ನನ್ನ ಗಂಟಲಿಗೇ ನಾಚಿಕೆಯಾಗಿ ಕಡಿಮೆ ಮಾಡಿಕೊಂಡಿದ್ದೆನೇನೋ. ಜನವರಿಯ ಕೆಲವು ದಿನ ಅಂಚು ಖಾಲಿ ಇದೆ. ಜನವರಿ ೨೯ರ ಪಕ್ಕದಲ್ಲಿ ಅವಳ ಅಕ್ಷರ, ಪೆನ್ಸಿಲ್ಲಿನಲ್ಲಿ, ಸಣ್ಣದಾಗಿ: "ಇವತ್ತೂ ಒಂದೇ. ಹೇಗೆ ಹೇಳಲಿ?"

ನಾನು ಅವಳ ನೀರನ್ನು ಅಳೆಯುತ್ತಿದ್ದೆ. ಅವಳು ನನ್ನದನ್ನು.

ಮಾರ್ಚ್ 24, ಸೋಮವಾರ.

ರಜೆ ಹಾಕಿದೆ. ಇಡೀ ದಿನ ಅತ್ತೆ. ಮಧ್ಯೆ ಬಾಯಾರಿದಾಗ ಎದ್ದು ಕುಡಿದು ಬಂದು ಮತ್ತೆ ಅತ್ತೆ.

ಏಪ್ರಿಲ್ 3, ಗುರುವಾರ.

ಸ್ಕ್ಯಾನ್. ಕಲ್ಲು ಕೆಳಗಿಳಿದು, ಡಾಕ್ಟರ ಮಾತಿನಲ್ಲಿ ಹೇಳುವುದಾದರೆ, "ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿದೆ." ಇನ್ನೊಂದು ವಾರ ನೋಡೋಣ, ಒಳಗೆ ಹೋಗುವ ಅಗತ್ಯ ಬೀಳಲಿಕ್ಕಿಲ್ಲ ಎಂದರು. ಕಿಡ್ನಿ ಚೆನ್ನಾಗಿದೆ.

"ಬರೆದಿದ್ದು ತೋರಿಸಿ."

ಕೆಳಗಿನ ಸಾಲುಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ತಾರೀಕಿನ ಸಾಲು ಮಾತ್ರ ತೋರಿಸುತ್ತ ಹಾಳೆ ತಿರುವಿದೆ.

"ಹದಿನೈದನೇ ತಾರೀಕಿನ ಮೇಲೆ ಏನೂ ಇಲ್ಲವಲ್ಲ?"

"ಬರೆಯೋದು ಮರೆತುಹೋಯ್ತು."

"ಕುಡಿಯೋದು ಮರೆತ ಹಾಗೆ ಕಾಣ್ಸಲ್ಲ" ಎಂದರು, ಪರದೆಯ ಮೇಲೆ ಬೆರಳಿಟ್ಟು.

ದಾರಿಯಲ್ಲಿ ಬೇಕರಿಯವಳಿಗೆ ಅಕ್ಕನ ವಿಷಯ ಹೇಳಿದೆ. ಅವಳು ಸ್ಟೂಲು ಕೊಟ್ಟು ಕೂರಿಸಿ, ಒಂದು ಲೋಟ ನೀರು ತಂದುಕೊಟ್ಟಳು. ಅವಳನ್ನೇ ನೋಡುತ್ತ ಕುಡಿದೆ. ಉಪ್ಪಿರುವ ಬ್ರೆಡ್ ಕೊಂಡೆ. ತಿನ್ನುವಾಗ ಅಳು ಬಂತು. ರುಚಿಯಾಗಿತ್ತು.

ಏಪ್ರಿಲ್ 6, ಭಾನುವಾರ.

ಬೆಳಿಗ್ಗೆ ಕಿಟಕಿ ಒರೆಸಲು ಹೋದಾಗ ನೋಡಿದೆ, ಜಾಡಿ ಆರಿಹೋಗಿದೆ. ತಳದಲ್ಲಿ ಒಂದು ಬಿಳಿ ಉಂಗುರ ಮಾತ್ರ. ಯಾವ ದಿನ ಆರಿತೋ ಗೊತ್ತಿಲ್ಲ. ಕೊನೆಯ ಸಲ ನೋಡಿದ್ದು ಯಾವಾಗ? ನಾನೆಂಥ ಅಳತೆಯವಳು? ಅವಳ ಕೊನೆಯ ಪಾಲು ಹೋಗುವಾಗ ಪಕ್ಕದಲ್ಲಿ ಇರಲಿಲ್ಲ. ಅವಳು ಹೋಗುವಾಗಲೂ ಪಕ್ಕದ ಕೋಣೆಯಲ್ಲಿ ಮಲಗಿದ್ದೆ. ಜಾಡಿಯನ್ನು ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತೆ. ತೊಳೆಯಲಿಲ್ಲ. ಇದ್ದಲ್ಲೇ ಇಟ್ಟೆ.

ಆಮೇಲೆ ಸ್ಟೂಲು ಹತ್ತಿ ಅಟ್ಟಣಿಗೆಯಿಂದ ದೊಡ್ಡ ಲೋಟ ಇಳಿಸಿದೆ. ಆರು ವರ್ಷದ ಧೂಳು. ತೊಳೆದೆ, ತುಂಬಿದೆ, ಬಾಯವರೆಗೆ.

ರೇಡಿಯೋದ ಟೇಪನ್ನು ಉಗುರಿನಿಂದ ಕಿತ್ತೆ. ಅಂಟು ಉಳಿದುಕೊಂಡಿತು. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಯಾರೋ ಹವಾಮಾನ ಓದುತ್ತಿದ್ದರು. ಗೋಡೆ ಅದುರಿತು.

ಅರ್ಧ ಲೋಟ ಮುಗಿಯುವ ಹೊತ್ತಿಗೆ ಬಾಗಿಲು ಬಡಿದ ಸದ್ದು. ಲೋಟ ಹಿಡಿದುಕೊಂಡೇ ಹೋದೆ. ಪಕ್ಕದ ಮನೆಯ ಮೇಷ್ಟ್ರು, ಹೆಗಲ ಮೇಲೆ ಟವೆಲು.

"ಏನಮ್ಮ ಇದು, ಮತ್ತೆ ಶುರುವಾಯ್ತಾ?"

"ಹೌದು ಮೇಷ್ಟ್ರೇ. ಬೆಳಿಗ್ಗೆ ಆರೂವರೆಗೆ, ಸಂಜೆ ಏಳಕ್ಕೆ. ಐದೈದು ನಿಮಿಷ."

"ಯಾತಕ್ಕೆ?"

"ನೀರು ಕುಡಿಯೋಕೆ."

ಅವರು ನನ್ನ ಮುಖ ನೋಡಿದರು, ಲೋಟ ನೋಡಿದರು. "ಡಾಕ್ಟರು ಹೇಳಿದಾರಾ?"

"ಅಕ್ಕ ಹೇಳಿದಾಳೆ."

ಮೇಷ್ಟ್ರು ಹೆಗಲಿನ ಟವೆಲನ್ನು ಕೈಗೆ ತೆಗೆದುಕೊಂಡರು. "ಹಾಗಾದ್ರೆ ಕುಡಿದು ಮುಗ್ಸು" ಎಂದು ಟವೆಲನ್ನು ಕಿವಿಯವರೆಗೆ ಸುತ್ತಿಕೊಂಡು ಹೋದರು.

ಒಳಗೆ ಬಂದು ಅಕ್ಕನ ಕುರ್ಚಿಯಲ್ಲಿ ಕೂತು ಉಳಿದದ್ದನ್ನು ಕುಡಿದೆ. ನನ್ನ ಗುಟುಕಿನ ಸದ್ದು ನನಗೇ ಕೇಳಿಸಲಿಲ್ಲ. ಲೋಟ ಖಾಲಿಯಾದ ಮೇಲೆ ರೇಡಿಯೋ ಸಣ್ಣದು ಮಾಡಿ, ಪುಸ್ತಕ ತೆಗೆದು, ಅವಳ ಪೆನ್ಸಿಲ್ ಹುಡುಕಿ, ಅಂಚಿನಲ್ಲಿ ೬.೩೦ ಎಂದು ಬರೆದು ಅದರ ಪಕ್ಕ ಒಂದು ಚುಕ್ಕೆ ಇಟ್ಟೆ.